ಮೀನಿನ ಒಡಲಿಗೊಂದು ಪುಟ್ಟ ಧ್ವನಿಪ್ರೇಷಕ: ಆವರ್ತನ, ಪೀಜೋ ಕೊಳವೆ, ಬ್ಯಾಟರಿಗಳ ನಡುವಿನ ಆಯ್ಕೆ

ಅಮೆರಿಕದ ವಾಯವ್ಯ ಭಾಗದಲ್ಲಿ ಸ್ನೇಕ್ ನದಿಯ ಮೇಲ್ದಂಡೆಯಲ್ಲಿ ಹುಟ್ಟಿದ ಶಿನೂಕ್ ಸಾಲ್ಮನ್ ಮರಿಯೊಂದು ಸಮುದ್ರ ಸೇರಬೇಕಾದರೆ ಲೋವರ್ ಗ್ರಾನೈಟ್‌ನಿಂದ ಬಾನ್‌ವಿಲ್‌ವರೆಗೆ ಎಂಟು ಅಣೆಕಟ್ಟುಗಳನ್ನು ದಾಟಬೇಕು. ಅವುಗಳಲ್ಲಿ ನಾಲ್ಕು ಸ್ನೇಕ್ ನದಿಯ ಮೇಲಿವೆ, ನಾಲ್ಕು ಕೊಲಂಬಿಯಾ ನದಿಯ ಮೇಲಿವೆ. ಪ್ರತಿಯೊಂದು ಅಣೆಕಟ್ಟಿನಲ್ಲೂ ಮರಿ ಟರ್ಬೈನಿನೊಳಗೆ ನುಗ್ಗಿತೇ, ಕೋಡಿಯ ನೀರಿನೊಡನೆ ಇಳಿಯಿತೇ, ಮೀನಿಗೆಂದೇ ಕಟ್ಟಿದ ಪಕ್ಕದ ಕಾಲುವೆ ಹಿಡಿಯಿತೇ, ದಾಟಿದ ಮೇಲೆ ಬದುಕಿ ಉಳಿಯಿತೇ ಎಂಬುದನ್ನು ಲೆಕ್ಕ ಹಾಕಲೇಬೇಕಾದ ಕಾನೂನಿನ ಕಟ್ಟುಪಾಡು ಅಲ್ಲಿದೆ. 2008ರ ಒಕ್ಕೂಟ ಸರ್ಕಾರದ ಜೈವಿಕ ಅಭಿಪ್ರಾಯವು (ಅಣೆಕಟ್ಟುಗಳಿಂದ ಮೀನುಗಳಿಗಾಗುವ ಪರಿಣಾಮದ ಅಧಿಕೃತ ವರದಿ) ವಸಂತದಲ್ಲಿ ವಲಸೆ ಹೋಗುವ ಮರಿಗಳಲ್ಲಿ ಶೇ. 96, ಬೇಸಿಗೆಯಲ್ಲಿ ಹೋಗುವ ಮರಿಗಳಲ್ಲಿ ಶೇ. 93 ಪ್ರತಿ ಅಣೆಕಟ್ಟನ್ನೂ ಜೀವಂತವಾಗಿ ದಾಟಬೇಕೆಂದು ಗುರಿ ನಿಗದಿಪಡಿಸಿತು. ತೊಂಬತ್ತಮೂರಕ್ಕೂ ತೊಂಬತ್ತಾರಕ್ಕೂ ಇರುವ ಅಂತರವನ್ನು ಖಚಿತವಾಗಿ ಹೇಳಬೇಕಾದರೆ, ಮರಿಗಳ ಒಡಲಲ್ಲಿಟ್ಟ, ಆಗಾಗ ಪಿಂಗ್ ಎಂಬ ಕಿರುದನಿ ಹೊರಡಿಸುವ, ಹಾದುಹೋದ ಟ್ಯಾಗ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ರಿಸೀವರಿಗೆ ಕೇಳಿಸಿರಬೇಕು. ಅಷ್ಟೇ ಮುಖ್ಯವಾಗಿ, ಟ್ಯಾಗ್ ಹೊತ್ತದ್ದರಿಂದಲೇ ಮರಿ ಸತ್ತಿರಬಾರದು.

ಈ ಎರಡು ಷರತ್ತುಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಜೋರಾಗಿ ಕೇಳಿಸಬೇಕಾದರೆ ದೊಡ್ಡ ಪೀಜೋ (ವಿದ್ಯುತ್ ಕೊಟ್ಟಾಗ ಹಿಗ್ಗಿ ಕುಗ್ಗಿ ದನಿ ಹೊರಡಿಸುವ ವಸ್ತು), ದೊಡ್ಡ ಬ್ಯಾಟರಿ ಬೇಕು. ಮರಿಗೆ ಭಾರವಾಗದಿರಬೇಕಾದರೆ ಎರಡೂ ಚಿಕ್ಕದಾಗಬೇಕು. ಇಂಥ ಟ್ಯಾಗ್ ಅನ್ನು ತಾವೇ ವಿನ್ಯಾಸ ಮಾಡಹೊರಟವರಿಗೂ, ಮಾರುಕಟ್ಟೆಯಲ್ಲಿರುವ ಹಲವು ಬಗೆಗಳಲ್ಲಿ ಒಂದನ್ನು ಆರಿಸಬೇಕಾದ ಮೀನುಗಾರಿಕೆ ವಿಜ್ಞಾನದ ಸಂಶೋಧಕರಿಗೂ ನೆರವಾಗಲೆಂದು ಇಲ್ಲಿ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದೇನೆ. ಸಾಮಾನ್ಯವಾಗಿ ಎಲ್ಲರೂ ಡೆಸಿಬೆಲ್ ಅಂಕಿಯಿಂದ ಹೋಲಿಕೆ ಆರಂಭಿಸುತ್ತಾರೆ. ನಾನು ಜೂಲ್‌ನಿಂದ ಆರಂಭಿಸುವುದೇ ಸರಿ ಎಂದು ನಂಬಿದ್ದೇನೆ: ಒಂದು ಪಿಂಗ್ ರಿಸೀವರಿಗೆ ಕೇಳಿಸಲು ಬ್ಯಾಟರಿಯಿಂದ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂಬುದೊಂದೇ ಆವರ್ತನ, ಆಕಾರ, ವಸ್ತು, ಸರ್ಕ್ಯೂಟ್‌ಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ಅಳತೆ.

ಧ್ವನಿಯೇ ಬೇಕೇ?

ಮೊದಲು ಈ ಪ್ರಶ್ನೆಯನ್ನು ಮುಗಿಸಿಬಿಡಬೇಕು. ಬ್ಯಾಟರಿಯೇ ಇಲ್ಲದ ಪಿಟ್ ಟ್ಯಾಗ್ ಅಕ್ಕಿಕಾಳಿಗಿಂತ ತುಸು ದೊಡ್ಡದು, ಬದುಕಿಡೀ ಉಳಿಯುತ್ತದೆ. ಆದರೆ ಅದನ್ನು ಓದಲು ಮೀನು ಆಂಟೆನಾದ ತೀರಾ ಹತ್ತಿರ, ಸಾಮಾನ್ಯವಾಗಿ ಒಂದು ಮೀಟರಿನೊಳಗೆ ಹಾದುಹೋಗಬೇಕು. ರೇಡಿಯೊ ಟ್ಯಾಗ್ ಆಳವಿಲ್ಲದ ಸಿಹಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ನೊರೆ ಉಕ್ಕುವ ಹರಿವಿನಲ್ಲೂ ಅದರ ಸಂಕೇತ ದಡಕ್ಕೆ ತಲುಪುತ್ತದೆ. ಆದರೆ ನೀರು ಆಳವಾದಂತೆ ಅಥವಾ ಉಪ್ಪಾದಂತೆ ಸಂಕೇತ ಬೇಗ ಕುಂದುತ್ತದೆ, ಉದ್ದನೆಯ ಆಂಟೆನಾ ತಂತಿ ಮೀನಿನ ಮೈಯಿಂದ ಹೊರಗೆ ಇಳಿಬಿದ್ದಿರುತ್ತದೆ. ಆಳವಾದ ಜಲಾಶಯ, ಅಳಿವೆ, ಕಡಲು, ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಅಧ್ಯಯನದಲ್ಲಿದ್ದರೆ ಧ್ವನಿಯನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಆವರ್ತನ: ಮೀನಿನ ಗಾತ್ರವೇ ಹೇಳಿಬಿಡುತ್ತದೆ

ಬಳಕೆಯಲ್ಲಿರುವ ಮುಖ್ಯ ಆವರ್ತನಗಳು ನಾಲ್ಕು: 69, 180, 307 ಮತ್ತು 416.7 ಕಿಲೋಹರ್ಟ್ಜ್. ಸಿಹಿನೀರಿನಲ್ಲಿ ಇವುಗಳ ತರಂಗಾಂತರ ಕ್ರಮವಾಗಿ ಸುಮಾರು 21, 8, 5 ಮತ್ತು 3.5 ಮಿಲಿಮೀಟರ್. ಈ ಅಂಕಿಗಳನ್ನು ಪೀಜೋ ಕೊಳವೆಯ ವ್ಯಾಸದ ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ವಿನ್ಯಾಸ ತಾನಾಗಿಯೇ ತೀರ್ಮಾನವಾಗುತ್ತದೆ. ತೆಳುಗೋಡೆಯ ಪೀಜೋ ಕೊಳವೆಯೊಂದು ಉಸಿರಾಡುವಂತೆ ಸುತ್ತಲೂ ಹಿಗ್ಗಿ ಕುಗ್ಗುವ ಸಹಜ ಆವರ್ತನವು, ಆ ವಸ್ತುವಿನಲ್ಲಿ ಧ್ವನಿಯ ವೇಗವನ್ನು ಕೊಳವೆಯ ಸರಾಸರಿ ಸುತ್ತಳತೆಯಿಂದ ಭಾಗಿಸಿದಷ್ಟಿರುತ್ತದೆ. ಪಿಜೆಡ್‌ಟಿ-5ಎ ಎಂಬ ಪೀಜೋ ಸೆರಾಮಿಕ್ ವಸ್ತುವಿನಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 2800 ಮೀಟರ್. ಹಾಗಾಗಿ 69 ಕಿಲೋಹರ್ಟ್ಜ್‌ಗೆ ಸುಮಾರು 13 ಮಿಲಿಮೀಟರ್ ವ್ಯಾಸ ಬೇಕು, 180ಕ್ಕೆ 5, 307ಕ್ಕೆ 2.9, 416.7ಕ್ಕೆ ಸುಮಾರು 2.1 ಮಿಲಿಮೀಟರ್ ಸಾಕು.

ಹತ್ತು ಗ್ರಾಮಿನ ಆಸುಪಾಸಿನ ಮರಿಯ ಹೊಟ್ಟೆಯೊಳಗೆ 13 ಮಿಲಿಮೀಟರ್ ಕೊಳವೆ ಹೋಗುವುದಿಲ್ಲ ಎಂದು ಹೇಳಲು ಯಾವ ಪ್ರಯೋಗವೂ ಬೇಡ. ಚಿಕ್ಕ ಕೊಳವೆಯನ್ನು ಅನುರಣನಕ್ಕಿಂತ ಬಹಳ ಕೆಳಗೆ, ಅಂದರೆ ಅದರ ಸಹಜ ಆವರ್ತನಕ್ಕಿಂತ ಕಡಿಮೆ ಆವರ್ತನದಲ್ಲಿ ಬಲವಂತವಾಗಿ ದುಡಿಸಬಹುದು. 69 ಕಿಲೋಹರ್ಟ್ಜ್‌ನಲ್ಲೇ ಕೆಲಸ ಮಾಡುವ 9 ಮಿಲಿಮೀಟರ್, 7 ಮಿಲಿಮೀಟರ್ ವ್ಯಾಸದ ಟ್ಯಾಗ್‌ಗಳು ಮಾರುಕಟ್ಟೆಯಲ್ಲಿವೆ. ಆದರೆ ತರಂಗಾಂತರಕ್ಕೆ ಹೋಲಿಸಿದರೆ ತೀರಾ ಚಿಕ್ಕದಾದ ಮೈ ನೀರನ್ನು ತಳ್ಳುವ ಬದಲು ನೀರಿನೊಡನೆ ಹಿಂದೆ ಮುಂದೆ ಓಲಾಡುತ್ತದೆ, ಖರ್ಚಾದ ಶಕ್ತಿಯಲ್ಲಿ ದೂರಕ್ಕೆ ಹೋಗುವ ಪಾಲು ಕುಸಿಯುತ್ತದೆ.

ಹೆಚ್ಚಿನ ಆವರ್ತನಕ್ಕೆ ಕೊಡಬೇಕಾದ ಬೆಲೆ ನೀರಿನ ಹೀರಿಕೆ. ಸಿಹಿನೀರಿನಲ್ಲಿ 69 ಕಿಲೋಹರ್ಟ್ಜ್ ಧ್ವನಿ ಕಿಲೋಮೀಟರಿಗೆ ಒಂದೆರಡು ಡೆಸಿಬೆಲ್ ಮಾತ್ರ ಕಳೆದುಕೊಂಡರೆ, 416.7 ಕಿಲೋಹರ್ಟ್ಜ್ ಧ್ವನಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 40, 10 ಡಿಗ್ರಿಯಲ್ಲಿ 50ಕ್ಕೂ ಹೆಚ್ಚು ಡೆಸಿಬೆಲ್ ಕಳೆದುಕೊಳ್ಳುತ್ತದೆ. ನೀರು ತಣ್ಣಗಾದಷ್ಟೂ ಸಿಹಿನೀರಿನ ಹೀರಿಕೆ ಹೆಚ್ಚುತ್ತದೆ ಎಂಬುದನ್ನು ಬೇಸಿಗೆಯಲ್ಲಿ ರಿಸೀವರ್ ಅಂತರ ನಿಗದಿ ಮಾಡಿ, ಚಳಿಗಾಲದಲ್ಲಿ ಅದೇ ಅಂತರವನ್ನು ನಂಬುವವರು ನೆನಪಿಡಬೇಕು. ಸಮುದ್ರದಲ್ಲಿ ಕರಗಿದ ಮೆಗ್ನೀಸಿಯಂ ಸಲ್ಫೇಟ್ ಸೇರಿಕೊಂಡು ಇದೇ ಅಂಕಿ ನೂರು ಡೆಸಿಬೆಲ್ ದಾಟುತ್ತದೆ. ಅಲ್ಲಿ 69 ಕಿಲೋಹರ್ಟ್ಜ್‌ಗೂ ಇಪ್ಪತ್ತರ ಆಸುಪಾಸಿನ ನಷ್ಟವಿದೆ. ಹೀಗಾಗಿ 416.7 ಎಂಬುದು ನದಿಯ ಆವರ್ತನ. ಒಂದೆರಡು ನೂರು ಮೀಟರಿಗೊಂದು ರಿಸೀವರ್ ಹಾಕಲು ಸಾಧ್ಯವಿರುವ, ಎರಡು ದಡಗಳ ನಡುವಿನ ಸಾಲನ್ನು ಪೂರ್ತಿ ಮುಚ್ಚಬಲ್ಲ ಕಡೆ ಅದು ಸರಿ. ಕಡಲ ತೀರದುದ್ದಕ್ಕೂ ಮೀನನ್ನು ಹಿಂಬಾಲಿಸಲು ಸರಿಯಲ್ಲ.

ಎಷ್ಟು ಹೊತ್ತು ಪಿಂಗ್ ಮಾಡಬೇಕು ಎಂಬುದೂ ಆವರ್ತನದ ಜೊತೆಗೇ ಬರುವ ಆಯ್ಕೆ. 69 ಕಿಲೋಹರ್ಟ್ಜ್ ಟ್ಯಾಗ್‌ಗಳಲ್ಲಿ ಸಾಮಾನ್ಯವಾದ ಪದ್ಧತಿಯಲ್ಲಿ ಎಂಟು ಹತ್ತು ಪಿಂಗ್‌ಗಳ ನಡುವಿನ ಅಂತರಗಳೇ ಗುರುತಿನ ಸಂಖ್ಯೆಯನ್ನು ಹೇಳುತ್ತವೆ, ಒಂದು ಸಂಖ್ಯೆ ಮುಗಿಯಲು ಮೂರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಪಕ್ಕದ ಮೀನಿನ ಟ್ಯಾಗ್ ದನಿಯೆತ್ತಿದರೆ ಎರಡೂ ಕೆಡುತ್ತವೆ. 2001ರಿಂದ ಅಮೆರಿಕ ಸೇನೆಯ ಎಂಜಿನಿಯರ್ ದಳವು ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಮೊದಲಾದ ಸಂಸ್ಥೆಗಳೊಡನೆ ಬೆಳೆಸಿದ, ಸಾಲ್ಮನ್ ಮರಿಗಳನ್ನು ಧ್ವನಿಯಿಂದ ಹಿಂಬಾಲಿಸುವ ಜೆಸ್ಯಾಟ್ಸ್ ವ್ಯವಸ್ಥೆ ಬೇರೆ ದಾರಿ ಹಿಡಿಯಿತು: 416.7 ಕಿಲೋಹರ್ಟ್ಜ್ ತರಂಗದ ಏರಿಳಿತವನ್ನೇ ತಲೆಕೆಳಗು ಮಾಡುತ್ತ 31 ಬಿಟ್‌ಗಳನ್ನು ಬರೆಯುವುದು, ಬಿಟ್‌ಗೆ ಹತ್ತು ಆವರ್ತಗಳಂತೆ ಒಟ್ಟು 310 ಆವರ್ತಗಳು, ಸಮಯ 744 ಮೈಕ್ರೊಸೆಕೆಂಡ್. ಅದರಲ್ಲಿ ಏಳು ಬಿಟ್ ಗುರುತು ಹಚ್ಚಲು, 16 ಬಿಟ್ ಮೀನಿನ ಸಂಖ್ಯೆಗೆ, ಎಂಟು ಬಿಟ್ ತಪ್ಪು ಹಿಡಿಯಲು. ಅಣೆಕಟ್ಟಿನ ಬಾಯಿಯಲ್ಲಿ ನೂರಾರು ಮರಿಗಳು ಒಟ್ಟಿಗೆ ಸೇರುವ ಜಾಗದಲ್ಲಿ ಒಂದು ಸಾವಿರ ಮೈಕ್ರೊಸೆಕೆಂಡೂ ತುಂಬದ ಈ ಕಿರುದನಿಗೆ ಸಾಟಿಯಿಲ್ಲ. ಶಕ್ತಿಯ ಲೆಕ್ಕದಲ್ಲೂ ಅದೇ ಗೆಲ್ಲುತ್ತದೆ.

ಇನ್ನೆರಡು ಮಾತುಗಳು ಈ ಆಯ್ಕೆಯನ್ನು ಬದಲಿಸಬಲ್ಲವು. ಒಂದು, 69 ಕಿಲೋಹರ್ಟ್ಜ್ ಸೀಲ್‌ಗಳ ಕಿವಿಗೆ ಬೀಳುತ್ತದೆ, ಬೂದು ಸೀಲ್‌ಗಳು ಈ ದನಿಯನ್ನು ಆಹಾರದ ಸುಳಿವಾಗಿ ಬಳಸಲು ಕಲಿತದ್ದನ್ನು ಪ್ರಯೋಗಗಳು ತೋರಿಸಿವೆ. ಬಾನ್‌ವಿಲ್ ಅಣೆಕಟ್ಟಿನ ಕೆಳಗೆ ಸಾಲ್ಮನ್‌ಗಾಗಿ ಕಾಯುವ ಕಡಲಸಿಂಹಗಳಿರುವ ನದಿಯಲ್ಲಿ ಇದು ಸಣ್ಣ ಸಂಗತಿಯಲ್ಲ. 416.7 ಅವುಗಳ ಶ್ರವಣದಾಚೆಗಿದೆ. ಎರಡು, ಬೇರೆಯವರು ಈಗಾಗಲೇ ಹಾಕಿರುವ ರಿಸೀವರ್‌ಗಳು. ಕೆನಡಾದ ಹ್ಯಾಲಿಫ್ಯಾಕ್ಸ್‌ನಿಂದ ನಡೆಯುವ ಓಷನ್ ಟ್ರ್ಯಾಕಿಂಗ್ ನೆಟ್‌ವರ್ಕ್ ಸೇರಿದಂತೆ ಕಡಲಿನ ಬಹುಪಾಲು ಜಾಲಗಳು 69ರಲ್ಲಿವೆ. ಹೊಸ ಆವರ್ತನ ಆರಿಸಿದವರು ಆ ಕಿವಿಗಳನ್ನೆಲ್ಲ ಕಳೆದುಕೊಳ್ಳುತ್ತಾರೆ.

ಕೊಳವೆಯೋ, ಬಿಲ್ಲೆಯೋ?

ನಾಣ್ಯದಂಥ ಪೀಜೋ ಬಿಲ್ಲೆ ಅಗ್ಗ, ಸುಲಭವಾಗಿ ಸಿಗುತ್ತದೆ, ಎರಡು ಮುಖಗಳಿಗೆ ತಂತಿ ಬೆಸೆಯುವುದೂ ಸರಳ. ಆದರೂ ಸಣ್ಣ ಟ್ಯಾಗ್‌ಗಳಲ್ಲಿ ಕೊಳವೆಯೇ ನೆಲೆ ನಿಂತಿರುವುದಕ್ಕೆ ಗಟ್ಟಿಯಾದ ಕಾರಣವಿದೆ. ಬಿಲ್ಲೆಯನ್ನು ದಪ್ಪದ ದಿಕ್ಕಿನಲ್ಲಿ 416.7 ಕಿಲೋಹರ್ಟ್ಜ್‌ನಲ್ಲಿ ಕಂಪಿಸುವಂತೆ ಮಾಡಬೇಕಾದರೆ ಅದು ಸುಮಾರು 4.8 ಮಿಲಿಮೀಟರ್ ದಪ್ಪವಿರಬೇಕು. ಟ್ಯಾಗ್‌ನೊಳಗಿನ ಸರ್ಕ್ಯೂಟ್ ಕೊಡಬಲ್ಲ 10 ವೋಲ್ಟ್ ಆ ದಪ್ಪದ ಮೇಲೆ ಹಂಚಿಹೋದರೆ ಮಿಲಿಮೀಟರಿಗೆ ಎರಡೇ ವೋಲ್ಟ್ ಸಿಗುತ್ತದೆ. ಅದೇ 10 ವೋಲ್ಟನ್ನು 0.25 ಮಿಲಿಮೀಟರ್ ಗೋಡೆಯ ಕೊಳವೆಗೆ ಕೊಟ್ಟರೆ ಮಿಲಿಮೀಟರಿಗೆ 40 ವೋಲ್ಟ್. ಪೀಜೋ ವಸ್ತು ಹಿಗ್ಗುವುದು ಈ ವಿದ್ಯುತ್ ಕ್ಷೇತ್ರದ ಬಲಕ್ಕೆ ತಕ್ಕಂತೆ. ಕೊಳವೆಯಲ್ಲಿ ಗೋಡೆಯ ದಪ್ಪ ಕ್ಷೇತ್ರವನ್ನು ನಿರ್ಧರಿಸಿದರೆ ವ್ಯಾಸ ಆವರ್ತನವನ್ನು ನಿರ್ಧರಿಸುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ತಿದ್ದಬಹುದಾದ ಈ ಸ್ವಾತಂತ್ರ್ಯ ದಪ್ಪದ ದಿಕ್ಕಿನಲ್ಲಿ ದುಡಿಯುವ ಬಿಲ್ಲೆಗಿಲ್ಲ.

ಇನ್ನೊಂದು ಕಾರಣ ದಿಕ್ಕು. ಬಿಲ್ಲೆ ತನ್ನ ಮುಖದ ಎದುರಿಗೆ ಹೆಚ್ಚು ಕೂಗುತ್ತದೆ; ಮೀನು ಯಾವ ಕಡೆಗೆ ತಿರುಗುತ್ತದೋ ಯಾರು ಬಲ್ಲರು. ಎರಡು ಮಿಲಿಮೀಟರ್ ಉದ್ದದ ಕೊಳವೆ ತರಂಗಾಂತರದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಇರುವುದರಿಂದ ಸುತ್ತಲೂ ಸಮನಾಗಿ ಕೇಳಿಸುತ್ತದೆ. ಬ್ಯಾಟರಿ ಅಡ್ಡವಿರುವ ಒಂದು ತುದಿಯಲ್ಲಿ ಮಾತ್ರ ದನಿ ಮಂಕಾಗುತ್ತದೆ. ಹಾಗಾಗಿ ಟ್ಯಾಗ್ ಅನ್ನು ಮೀನಿನೊಳಗೆ ಯಾವ ತುದಿ ಮುಂದಾಗಿ ಇಡಬೇಕು ಎಂಬುದೂ ವಿನ್ಯಾಸದ ಭಾಗವೇ. ಮೀನಿನ ಗಾಳಿಚೀಲವನ್ನೂ ಮರೆಯಬಾರದು: ಗಾಳಿ ತುಂಬಿದ ಆ ಚೀಲ ಮೇಲ್ಮುಖವಾಗಿ ಹೋಗುವ ಧ್ವನಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಗೋಳಾಕಾರದ ಪೀಜೋ ಎಲ್ಲ ದಿಕ್ಕಿಗೂ ಸಮನಾಗಿ ಕೂಗುತ್ತದೆಯಾದರೂ, ಎರಡು ಮಿಲಿಮೀಟರಿನ ಗೋಳವನ್ನು ಎರಡು ಹೋಳುಗಳಿಂದ ಅಂಟಿಸಿ ಸಾವಿರಗಟ್ಟಲೆ ಮಾಡುವ ಕಷ್ಟಕ್ಕೆ ಆ ಲಾಭ ಸಾಲುವುದಿಲ್ಲ.

ಯಾವ ಪಿಜೆಡ್‌ಟಿ?

ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ, ಅದಕ್ಕಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಕೊಳವೆಯ ಗೋಡೆಗೆ ಅಡ್ಡಲಾಗಿ ವೋಲ್ಟೇಜ್ ಕೊಟ್ಟಾಗ ಸುತ್ತಳತೆ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳುವ ಗುಣಾಂಕವನ್ನು ಡಿ31 ಎನ್ನುತ್ತಾರೆ. ಅದರ ಬೆಲೆ ಗಟ್ಟಿ ಜಾತಿಯ ಪಿಜೆಡ್‌ಟಿ-8ರಲ್ಲಿ ನೂರಕ್ಕಿಂತ ತುಸು ಕಡಿಮೆ, ಪಿಜೆಡ್‌ಟಿ-4ರಲ್ಲಿ 123, ಮೆತ್ತನೆ ಜಾತಿಯ 5ಎಯಲ್ಲಿ 171, 5ಎಚ್‌ನಲ್ಲಿ 274 ಪಿಕೊಕೂಲಂಬ್ ಪ್ರತಿ ನ್ಯೂಟನ್. ಈ ಸಾಲನ್ನಷ್ಟೇ ನೋಡಿದವರು ಕಣ್ಣುಮುಚ್ಚಿ 5ಎಚ್ ಆರಿಸುತ್ತಾರೆ. ಅದೇ ಪಟ್ಟಿಯ ಪಕ್ಕದ ಸಾಲಿನಲ್ಲಿರುವ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನೂ (ಕೆಪಾಸಿಟರಿನಂತೆ ವಸ್ತು ಎಷ್ಟು ವಿದ್ಯುತ್ ಹಿಡಿದಿಡುತ್ತದೆ ಎಂಬುದರ ಅಳತೆ) ನೋಡಬೇಕು: 8ಕ್ಕೆ 1000, 4ಕ್ಕೆ 1300, 5ಎಗೆ 1700, 5ಎಚ್‌ಗೆ 3400.

ಒಂದು ಕೊಳವೆಯನ್ನೇ ಕೈಯಲ್ಲಿ ಹಿಡಿದು ಲೆಕ್ಕ ಹಾಕೋಣ. ಹೊರವ್ಯಾಸ 2.5, ಒಳವ್ಯಾಸ 2, ಉದ್ದ 2 ಮಿಲಿಮೀಟರ್. ಇಕ್ಕಳದ ತುದಿಯಲ್ಲಿ ಹಿಡಿದರೆ ಸಣ್ಣ ಮಣಿಯಂತೆ ಕಾಣುತ್ತದೆ. 5ಎಯಿಂದ ಮಾಡಿದ್ದರೆ ಅದರ ಕೆಪಾಸಿಟೆನ್ಸ್ ಸುಮಾರು 0.85 ನ್ಯಾನೊಫ್ಯಾರಡ್. ಸರಳವಾದ ಸ್ವಿಚ್ ಒಂದು ಈ ಕೆಪಾಸಿಟರನ್ನು ಸೊನ್ನೆಯಿಂದ 10 ವೋಲ್ಟಿಗೆ ಏರಿಸಿ ಇಳಿಸಿದಾಗ, ಧ್ವನಿ ಹುಟ್ಟಲಿ ಬಿಡಲಿ, ಪ್ರತಿ ಆವರ್ತಕ್ಕೂ 0.085 ಮೈಕ್ರೊಜೂಲ್ ಸ್ವಿಚ್ಚಿನೊಳಗೆ ಬಿಸಿಯಾಗಿ ಹೋಗುತ್ತದೆ. 310 ಆವರ್ತಗಳಿಗೆ ಅದು ಸುಮಾರು 26 ಮೈಕ್ರೊಜೂಲ್. ಈಗ ಧ್ವನಿಯ ಕಡೆ ನೋಡಿ: ಒಂದು ಮೀಟರ್ ದೂರದಲ್ಲಿ ಒಂದು ಮೈಕ್ರೊಪಾಸ್ಕಲ್‌ಗೆ ಹೋಲಿಸಿ 156 ಡೆಸಿಬೆಲ್ ಎಂಬುದು ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ 33 ಮಿಲಿವ್ಯಾಟ್, 744 ಮೈಕ್ರೊಸೆಕೆಂಡಿನಲ್ಲಿ ಅದು 25 ಮೈಕ್ರೊಜೂಲ್. ನೀರಿಗೆ ಹೋದ ಇಡೀ ಪಿಂಗ್‌ನಷ್ಟೇ ಶಕ್ತಿ ಕೇವಲ ಕೆಪಾಸಿಟರ್ ತುಂಬಿ ಬರಿದು ಮಾಡುವುದರಲ್ಲಿ ವ್ಯರ್ಥವಾಯಿತು. 5ಎಚ್ ಹಾಕಿದರೆ ಅದೇ ವೋಲ್ಟೇಜಿಗೆ ಈ ನಷ್ಟ ಇಮ್ಮಡಿ.

ನಿಜ, 5ಎಚ್ ಹೆಚ್ಚು ಹಿಗ್ಗುವುದರಿಂದ ಅದೇ ದನಿಗೆ ಕಡಿಮೆ ವೋಲ್ಟೇಜ್ ಸಾಕು, ನಷ್ಟವೂ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ವೋಲ್ಟೇಜ್ ಏರಿಸುವ ಸರ್ಕ್ಯೂಟಿಗೆ ಜಾಗವೇ ಇಲ್ಲದ, ಮೂರು ವೋಲ್ಟಿನಲ್ಲೇ ನೇರವಾಗಿ ನಡೆಸಬೇಕಾದ ಟ್ಯಾಗ್‌ಗೆ 5ಎಚ್ ಒಳ್ಳೆಯ ಆಯ್ಕೆಯಾಗಬಲ್ಲದು. ಆದರೆ ಅದರ ಕ್ಯೂರಿ ಉಷ್ಣತೆ, ಅಂದರೆ ಪೀಜೋ ಗುಣವೇ ಅಳಿದುಹೋಗುವ ಬಿಸಿ, ಕೇವಲ 193 ಡಿಗ್ರಿ. ಸೀಸವಿಲ್ಲದ ಸಾಮಾನ್ಯ ಬೆಸುಗೆ 217 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಬೆಸುಗೆ ಕಡ್ಡಿಯ ತುದಿ ಇನ್ನೂ ಬಿಸಿಯಾಗಿರುತ್ತದೆ. ದೊಡ್ಡ ಬಿಲ್ಲೆಯಲ್ಲಿ ಕಡ್ಡಿ ತಾಗಿದ ಚುಕ್ಕೆಯಷ್ಟೇ ತನ್ನ ಗುಣ ಕಳೆದುಕೊಂಡೀತು. ಎರಡು ಮಿಲಿಮೀಟರಿನ ಕೊಳವೆಯಲ್ಲಿ ಆ ಚುಕ್ಕೆಯೇ ಇಡೀ ಗೋಡೆ. ಹೊರನೋಟಕ್ಕೆ ಏನೂ ಆಗಿರುವುದಿಲ್ಲ, ಮೀಟರಿನಲ್ಲಿ ಕೆಪಾಸಿಟೆನ್ಸ್ ಕೂಡ ಸುಮಾರಾಗಿ ಸರಿಯಾಗಿಯೇ ಕಾಣಬಹುದು, ನೀರಿಗಿಳಿಸಿದಾಗ ಮಾತ್ರ ದನಿ ಬಿದ್ದುಹೋಗಿರುತ್ತದೆ. 5ಎಯ ಕ್ಯೂರಿ ಉಷ್ಣತೆ 365 ಡಿಗ್ರಿ, ಅಲ್ಲಿ ಈ ಆತಂಕ ಬಹುಮಟ್ಟಿಗೆ ಇಲ್ಲ. ಹೇಗಿದ್ದರೂ 138 ಡಿಗ್ರಿಯಲ್ಲಿ ಕರಗುವ ತವರ-ಬಿಸ್ಮತ್ ಬೆಸುಗೆಯನ್ನೋ, ಬೆಳ್ಳಿಪುಡಿ ಬೆರೆತ ಎಪಾಕ್ಸಿಯನ್ನೋ ಬಳಸುವುದು ಜಾಣತನ. ಒಳಗೋಡೆಯ ಎಲೆಕ್ಟ್ರೋಡನ್ನು ಅಂಚಿನ ಮೇಲಿಂದ ಹೊರಕ್ಕೆ ತಂದಿರುವ ಕೊಳವೆ ಸಿಕ್ಕರೆ ಕೂದಲಿನಷ್ಟು ಸಣ್ಣ ತಂತಿಯನ್ನು ಒಳಗೆ ತೂರಿಸುವ ಪರದಾಟವೇ ತಪ್ಪುತ್ತದೆ.

ಗಟ್ಟಿ ಜಾತಿಯ 4 ಮತ್ತು 8ರ ಹಿರಿಮೆ ಇರುವುದು ಕಡಿಮೆ ಒಳನಷ್ಟದಲ್ಲಿ. ದೊಡ್ಡ ಸೋನಾರ್‌ಗಳು ನಿಮಿಷಗಟ್ಟಲೆ ಹೆಚ್ಚಿನ ಶಕ್ತಿಯಲ್ಲಿ ದುಡಿಯುವಾಗ ಬಿಸಿಯಾಗದಿರಲು ಅವು ಬೇಕೇಬೇಕು. ಮೂರು ಸೆಕೆಂಡಿಗೊಮ್ಮೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ದುಡಿಯುವ ಟ್ಯಾಗ್ ಬಿಸಿಯಾಗುವ ಪ್ರಶ್ನೆಯೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ತೀರಾ ಹರಿತವಾದ ಅನುರಣನ ಇಲ್ಲಿ ಶತ್ರು. ಬಿಟ್‌ಗೆ ಹತ್ತೇ ಆವರ್ತಗಳಿರುವಾಗ ಅನುರಣನದ ಹರಿತವನ್ನು ಅಳೆಯುವ ಕ್ಯೂ ಅಂಶ ನೀರಿನಲ್ಲಿ ಕೊಳವೆಗೆ 30ರಷ್ಟಾದರೆ, ತರಂಗವನ್ನು ತಲೆಕೆಳಗು ಮಾಡಿದ ಮೇಲೂ ಒಂದು ಬಿಟ್ ಮುಗಿಯುವ ಹೊತ್ತಿಗೆ ಹಳೆಯ ಕಂಪನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ, ಗುರುತಿನ ಸಂಖ್ಯೆ ಕಲಸಿಹೋಗುತ್ತದೆ. ಆದ್ದರಿಂದ ಅನುರಣನದ ನೆತ್ತಿಯಿಂದ ಸ್ವಲ್ಪ ಪಕ್ಕಕ್ಕೆ ಸರಿದು ಕೆಲಸ ಮಾಡುವುದನ್ನು ನಷ್ಟವೆಂದು ನೋಡಬೇಕಿಲ್ಲ: ಬಿಟ್‌ಗಳು ಸ್ವಚ್ಛವಾಗಿ ಬರುತ್ತವೆ, ಕೊಳವೆಯಿಂದ ಕೊಳವೆಗೆ ವ್ಯಾಸದಲ್ಲಿರುವ ಸಣ್ಣ ವ್ಯತ್ಯಾಸಕ್ಕೆ ದನಿ ಅಷ್ಟಾಗಿ ಏರುಪೇರಾಗುವುದಿಲ್ಲ.

ಪಿಎಂಎನ್-ಪಿಟಿ ಎಂಬ ಇನ್ನೊಂದು ಪೀಜೋ ವಸ್ತುವಿನ ಏಕಸ್ಫಟಿಕದ ಗುಣಾಂಕಗಳು ಪಿಜೆಡ್‌ಟಿಯ ಹಲವು ಪಟ್ಟು. ಆದರೆ ಅದು ನೂರು ಡಿಗ್ರಿಗಿಂತ ಕೆಳಗೇ ತನ್ನ ಸ್ಫಟಿಕ ರೂಪ ಬದಲಿಸುತ್ತದೆ, ಸುಲಭವಾಗಿ ಒಡೆಯುತ್ತದೆ, ತೆಳುಗೋಡೆಯ ಕೊಳವೆಯಾಗಿ ಕೊರೆಯುವುದು ಬಲು ದುಬಾರಿ. ಸಾವಿರಾರು ಮರಿಗಳಿಗೆ ಒಮ್ಮೆ ಬಳಸಿ ಬಿಡುವ ಟ್ಯಾಗ್‌ಗೆ ಅದು ಈಗಿನ ಮಟ್ಟಿಗೆ ಹೊಂದುವುದಿಲ್ಲ. ನನ್ನ ಆಯ್ಕೆ 5ಎ, ಅದರ ಜೊತೆಗೆ ಒಂದು ಇಂಡಕ್ಟರ್. ಕೊಳವೆಯ ಕೆಪಾಸಿಟೆನ್ಸ್‌ನೊಡನೆ ಹೊಂದುವ ಸಣ್ಣ ಇಂಡಕ್ಟರ್ ಹಾಕಿದರೆ ಬಿಸಿಯಾಗಿ ಹೋಗುತ್ತಿದ್ದ ಆ 26 ಮೈಕ್ರೊಜೂಲ್‌ನಲ್ಲಿ ದೊಡ್ಡ ಪಾಲು ಕೊಳವೆಗೂ ಸುರುಳಿಗೂ ನಡುವೆ ಓಡಾಡುತ್ತ ಉಳಿದುಕೊಳ್ಳುತ್ತದೆ. ಅದು ತಿನ್ನುವ ಕೆಲವು ಮಿಲಿಗ್ರಾಂ ತೂಕವನ್ನು ಬ್ಯಾಟರಿಗೆ ಕೊಡುವುದಕ್ಕಿಂತ ಇಂಡಕ್ಟರಿಗೆ ಕೊಡುವುದೇ ಲಾಭ.

ಕೊಳವೆಯ ಒಳಗೆ, ಹೊರಗೆ

ಕೊಳವೆ ಹಿಗ್ಗಿದಾಗ ಹೊರಗಿನ ನೀರು ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಒಳಗಿನ ದ್ರವ ಸಡಿಲವಾಗುತ್ತದೆ. ಒಳಗನ್ನು ಎಪಾಕ್ಸಿಯಿಂದ ತುಂಬಿದರೆ ಈ ವಿರುದ್ಧ ದಿಕ್ಕಿನ ಧ್ವನಿ ತುದಿಗಳಿಂದ ಹೊರಬಂದು ಹೊರಗಿನ ಧ್ವನಿಯನ್ನೇ ಅಳಿಸುತ್ತದೆ, ಜೊತೆಗೆ ಗೋಡೆಯ ಚಲನೆಯನ್ನೂ ತಡೆಯುತ್ತದೆ. ಒಳಗೆ ಗಾಳಿ ಇದ್ದರೆ ಧ್ವನಿ ಅಲ್ಲಿಂದ ಪುಟಿದು ಹಿಂತಿರುಗುತ್ತದೆ. ಗಾಳಿ ಉಳಿಯುವಂತೆ ಮಾಡಲು ತುದಿಗಳನ್ನು ಮುಚ್ಚಬೇಕು ಅಥವಾ ಮುಚ್ಚಿದ ರಂಧ್ರಗಳ ಫೋಮ್ ತುಂಬಬೇಕು. ತಯಾರಿಕೆಗೆ ಫೋಮ್ ಅನುಕೂಲ, ಏಕೆಂದರೆ ಎಪಾಕ್ಸಿ ಎರೆಯುವಾಗ ಒಳಕ್ಕೆ ಸೋರುವುದಿಲ್ಲ. ಆಳಕ್ಕೆ ಹೋಗುವ ಮೀನಾದರೆ ಎಚ್ಚರ ಬೇಕು: ಪ್ರತಿ ಹತ್ತು ಮೀಟರಿಗೂ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಮೆತ್ತನೆಯ ಫೋಮ್ ಕುಗ್ಗಿ ಬಿಗಿಯಾದಂತೆ ದನಿ ಕುಂದುತ್ತದೆ. ಅಂಥ ಕಡೆ ಗಟ್ಟಿ ಮುಚ್ಚಳದ ಗಾಳಿಗೂಡೇ ಮೇಲು.

ಹೊರಗಿನ ಎಪಾಕ್ಸಿ ಹೊದಿಕೆ ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು, ಆದರೆ ಎಲ್ಲ ಕಡೆ ಸಮನಾಗಿರಬೇಕು. ವೈದ್ಯಕೀಯ ಅಲ್ಟ್ರಾಸೌಂಡ್‌ನಲ್ಲಿ ಮಾಡುವಂತೆ ಕಾಲು ತರಂಗಾಂತರದ ಹೊಂದಿಕೆಯ ಪದರ ಹಾಕಬೇಕೆಂದರೆ ಇಲ್ಲಿ ಒಂದೂವರೆ ಮಿಲಿಮೀಟರ್ ಬೇಕಾಗುತ್ತದೆ, ಟ್ಯಾಗ್‌ನ ವ್ಯಾಸ ಇಮ್ಮಡಿಯಾಗುತ್ತದೆ. ಪೀಜೋವಿಗೆ ತಾಗಿಕೊಂಡ ಒಂದು ಗಾಳಿಗುಳ್ಳೆ ಆ ಬದಿಯ ದನಿಯನ್ನೇ ನುಂಗಿಬಿಡುತ್ತದೆ, ಆದ್ದರಿಂದ ಎರೆಯುವ ಮೊದಲು ಎಪಾಕ್ಸಿಯನ್ನು ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆಯುವುದನ್ನು ಎಂದೂ ಬಿಡಬಾರದು. ಮೇಲೆ ಕೆಲವು ಮೈಕ್ರಾನ್‌ಗಳ ಪ್ಯಾರಿಲೀನ್ ಎಂಬ ಪ್ಲಾಸ್ಟಿಕ್ ಲೇಪ ಕೊಟ್ಟರೆ ಮೀನಿನ ಅಂಗಾಂಶಕ್ಕೂ ಹಿತ, ನೀರಿನಂಶವೂ ನಿಧಾನವಾಗಿ ಒಳಸೇರುತ್ತದೆ.

ಬ್ಯಾಟರಿ

ಮೊದಲಿನ ಜೆಸ್ಯಾಟ್ಸ್ ಟ್ಯಾಗ್‌ಗಳಲ್ಲಿ ಕೈಗಡಿಯಾರದ ಸಿಲ್ವರ್ ಆಕ್ಸೈಡ್ ಗುಂಡಿ ಬ್ಯಾಟರಿಗಳಿದ್ದವು. ಅವುಗಳ ವ್ಯಾಸ 4.8 ಮಿಲಿಮೀಟರ್, ಪೀಜೋವನ್ನು ಎಷ್ಟೇ ಸಣ್ಣದು ಮಾಡಿದರೂ ಟ್ಯಾಗ್ ಅದಕ್ಕಿಂತ ಕಿರಿದಾಗದು, ಮರಿಯ ಹೊಟ್ಟೆಯನ್ನು ಕೊಯ್ದು ಹೊಲಿಯಲೇಬೇಕು. ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದವರು 2014ರಲ್ಲಿ ಪ್ರಕಟಿಸಿದ ಲಿಥಿಯಂ-ಕಾರ್ಬನ್ ಫ್ಲೋರೈಡ್ ಸೂಕ್ಷ್ಮ ಬ್ಯಾಟರಿ ಈ ಕಟ್ಟನ್ನು ಬಿಡಿಸಿತು. ಪದರಗಳನ್ನು ಚಾಪೆಯಂತೆ ಸುತ್ತಿ ಮಾಡಿದ, 6 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ವ್ಯಾಸ, 70 ಮಿಲಿಗ್ರಾಂ ತೂಕದ ಅದು ಕಿಲೋಗ್ರಾಮಿಗೆ ಸುಮಾರು 240 ವ್ಯಾಟ್-ಗಂಟೆ ಹಿಡಿಯುತ್ತದೆ, ಸಿಲ್ವರ್ ಆಕ್ಸೈಡಿನ ಹೆಚ್ಚುಕಡಿಮೆ ಇಮ್ಮಡಿ. ಅದರ ಫಲವಾಗಿ 15 ಮಿಲಿಮೀಟರ್ ಉದ್ದ, 3.3 ಮಿಲಿಮೀಟರ್ ವ್ಯಾಸ, ಸುಮಾರು 0.22 ಗ್ರಾಂ ತೂಕದ ಟ್ಯಾಗ್ ಬಂತು. ಅದನ್ನು ದಪ್ಪ ಸೂಜಿಯ ಮೂಲಕವೇ ಮರಿಯೊಳಗೆ ಸೇರಿಸಬಹುದು, ಹೊಲಿಗೆ ಬೇಡ. ನನ್ನ ಕಣ್ಣಿಗೆ ಈ ಕ್ಷೇತ್ರದಲ್ಲಿ ಮೀನಿನ ಜೀವಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಈಗ ಲೆಕ್ಕ. 70 ಮಿಲಿಗ್ರಾಂ ಬ್ಯಾಟರಿಯಲ್ಲಿರುವುದು ಸುಮಾರು 60 ಜೂಲ್. ಬ್ಯಾಟರಿಯಿಂದ ನೀರಿನವರೆಗೆ ಒಟ್ಟು ದಕ್ಷತೆ ಕಾಲುಭಾಗ ಎಂದು ಹಿಡಿದರೆ 156 ಡೆಸಿಬೆಲ್‌ನ ಒಂದು ಪಿಂಗ್‌ಗೆ 100 ಮೈಕ್ರೊಜೂಲ್, ಅಂದರೆ ಒಟ್ಟು ಆರು ಲಕ್ಷ ಪಿಂಗ್. ಮೂರು ಸೆಕೆಂಡಿಗೊಂದರಂತೆ ಮೂರು ವಾರ. ಐದು ಸೆಕೆಂಡಿಗೊಂದಾದರೆ ಒಂದು ತಿಂಗಳ ಮೇಲೆ. ದನಿಯನ್ನು ಮೂರು ಡೆಸಿಬೆಲ್ ಇಳಿಸಿದರೆ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ, ಆದರೆ ಕೇಳುವ ದೂರ ಅರ್ಧಕ್ಕೆ ಇಳಿಯುವುದಿಲ್ಲ. ರಿಸೀವರ್‌ಗಳನ್ನು ತುಸು ಹತ್ತಿರ ಹಾಕಲು ಸಾಧ್ಯವಿದ್ದವರು ಈ ಮೂರು ಡೆಸಿಬೆಲ್ಲನ್ನು ಬಿಟ್ಟುಕೊಡುವುದು ಒಳ್ಳೆಯದು. ಪಿಂಗ್‌ಗಳ ನಡುವಿನ ನಿದ್ದೆಯ ಖರ್ಚನ್ನೂ ಕಡೆಗಣಿಸಬಾರದು. ಅರ್ಧ ಮೈಕ್ರೊಆಂಪಿಯರ್ ಎಳೆಯುವ ಚಿಪ್ ಮೂರು ಸೆಕೆಂಡಿನಲ್ಲಿ ತಿನ್ನುವುದು ಬರೀ ನಾಲ್ಕೂವರೆ ಮೈಕ್ರೊಜೂಲ್. ಅದೇ ನಿಮಿಷಕ್ಕೊಂದು ಪಿಂಗ್ ಆದಾಗ ನಿದ್ದೆಯ ಖರ್ಚು 90 ಮೈಕ್ರೊಜೂಲ್, ಹೆಚ್ಚುಕಡಿಮೆ ಪಿಂಗ್‌ನಷ್ಟೇ. ನಿಧಾನವಾಗಿ ಪಿಂಗ್ ಮಾಡುವ ಟ್ಯಾಗ್‌ನಲ್ಲಿ ಪೀಜೋವಿಗಿಂತ ಚಿಪ್ಪಿನ ಆಯ್ಕೆಯೇ ಆಯುಸ್ಸನ್ನು ನಿರ್ಧರಿಸುತ್ತದೆ.

ಇಷ್ಟು ಪುಟ್ಟ ಬ್ಯಾಟರಿ ಪಿಂಗ್ ಸಮಯದಲ್ಲಿ ಬೇಕಾಗುವ 130 ಮಿಲಿವ್ಯಾಟನ್ನು ನೇರವಾಗಿ ಕೊಡಲಾರದು. ಆದ್ದರಿಂದ ಕೆಪಾಸಿಟರೊಂದನ್ನು ನಿಧಾನವಾಗಿ ತುಂಬಿಕೊಂಡು ಒಮ್ಮೆಗೇ ಬಿಡುವುದು ರೂಢಿ. 3 ವೋಲ್ಟಿನಲ್ಲಿ ತುಂಬಿ 2.5ಕ್ಕೆ ಇಳಿಯಲು ಬಿಟ್ಟರೆ 70 ಮೈಕ್ರೊಫ್ಯಾರಡ್‌ಗೂ ಹೆಚ್ಚು ಬೇಕು, 10ಕ್ಕೆ ಏರಿಸಿ 8ರವರೆಗೆ ಇಳಿಯಬಿಟ್ಟರೆ ಆರು ಸಾಕು. ಆದರೆ ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳು ಪೂರ್ಣ ವೋಲ್ಟೇಜಿನಲ್ಲಿ ತಮ್ಮ ಮೈಮೇಲೆ ಬರೆದ ಬೆಲೆಯ ಅರ್ಧವನ್ನೂ ಉಳಿಸಿಕೊಳ್ಳದಿರಬಹುದು, ಆದ್ದರಿಂದ ಅಲ್ಲಿ ಅಳೆದು ನೋಡಿಯೇ ಆರಿಸಬೇಕು.

ಎರಡು ಮೀನು, ಎರಡು ಉತ್ತರ

ಟ್ಯಾಗ್ ತೂಕ ಮೀನಿನ ತೂಕದ ಶೇ. 2 ಮೀರಬಾರದೆಂಬ ಹಳೆಯ ನಿಯಮವನ್ನು ಕೆಲವು ಜಾತಿಗಳಲ್ಲಿ ಸಡಿಲಿಸಬಹುದಾದರೂ ಆರಂಭಕ್ಕೆ ಅದನ್ನೇ ಹಿಡಿಯುವುದು ಲೇಸು. ಅದರಂತೆ 0.22 ಗ್ರಾಮಿನ ಟ್ಯಾಗ್ 11 ಗ್ರಾಮಿನ ಮರಿಗೆ ಸಲ್ಲುತ್ತದೆ. ಅದಕ್ಕಿಂತ ಸಣ್ಣದಾದ, ಹಾವಿನಂತೆ ಸಪೂರವಾದ ಪೆಸಿಫಿಕ್ ಲ್ಯಾಂಪ್ರೆ ಮರಿಗಳಿಗೆಂದೇ ಅದೇ ಪ್ರಯೋಗಾಲಯ 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ವ್ಯಾಸ, 0.08 ಗ್ರಾಮಿನ ಟ್ಯಾಗ್ ಮಾಡಿದೆ. ಅಲ್ಲಿ ತೂಕಕ್ಕಿಂತ ವ್ಯಾಸವೇ ಎಲ್ಲವನ್ನೂ ತೀರ್ಮಾನಿಸಿದೆ. ಕೊಲಂಬಿಯಾದಂಥ ನದಿಯ ಸಣ್ಣ ಮರಿಗಳಿಗೆ 416.7 ಕಿಲೋಹರ್ಟ್ಜ್, ಗಾಳಿ ಅಥವಾ ಫೋಮ್ ಒಡಲಿನ 5ಎ ಕೊಳವೆ, ಇಂಡಕ್ಟರ್, ಸುತ್ತಿದ ಲಿಥಿಯಂ ಬ್ಯಾಟರಿ ಎಂಬ ಜೋಡಣೆಯನ್ನು ಬಿಟ್ಟು ಬೇರೆಯದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ.

ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಮೀನಿನ ವಿಷಯ ಪೂರ್ತಿ ಬೇರೆ. 2018ರಿಂದ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿರುವ ಈ ಮೀನು ಬಲಿತರೆ ಹತ್ತಾರು ಕಿಲೋ ತೂಗುತ್ತದೆ. ಐದು ಕಿಲೋದ ಮೀನಿಗೆ ಶೇ. 2 ಎಂದರೆ 100 ಗ್ರಾಂ. ತೂಕದ ಚಿಂತೆಯೇ ಇಲ್ಲದಲ್ಲಿ ಸಣ್ಣ ಟ್ಯಾಗ್‌ನ ಮೋಹಕ್ಕೆ ಬೀಳುವುದು ತಪ್ಪು. 13 ಮಿಲಿಮೀಟರ್ ಕೊಳವೆಯನ್ನು ಅದರ ಸಹಜ ಆವರ್ತನವಾದ 69ರಲ್ಲೇ ದುಡಿಸಬಹುದು, ದೊಡ್ಡ ಲಿಥಿಯಂ ಬ್ಯಾಟರಿಯಿಟ್ಟು ನಿಮಿಷಕ್ಕೊಂದು ಪಿಂಗ್‌ನಂತೆ ವರ್ಷಗಟ್ಟಲೆ ಕೇಳಬಹುದು, ಅಲ್ಲಿ ಸೀಲ್‌ಗಳ ಭಯವೂ ಇಲ್ಲ. ತೊಡಕಿರುವುದು ನದಿಯಲ್ಲಿ. ಬೇಸಿಗೆಯಲ್ಲಿ ಮೀನು ಸೇರುವ ಆಳದ ಮಡುಗಳಲ್ಲಿ ಈ ದನಿ ಸ್ಪಷ್ಟವಾಗಿ ಕೇಳುತ್ತದೆ; ಮುಂಗಾರಿನಲ್ಲಿ ಮೇಕೆದಾಟಿನಂಥ ಇಕ್ಕಟ್ಟಿನ ಬಂಡೆಗಳ ನಡುವೆ ನೀರು ನೊರೆಯಾಗಿ ಧುಮುಕುವಾಗ ಗುಳ್ಳೆಗಳು ಯಾವ ಆವರ್ತನವನ್ನೂ ಉಳಿಸುವುದಿಲ್ಲ, ಉರುಳುವ ಕಲ್ಲು ಮರಳಿನ ಸದ್ದು ರಿಸೀವರನ್ನು ಕಿವುಡಾಗಿಸುತ್ತದೆ. ಅಂಥ ನದಿಗೆ ನಾನು ಧ್ವನಿಯೊಂದನ್ನೇ ನೆಚ್ಚುವುದಿಲ್ಲ. ರೇಡಿಯೊ ಮತ್ತು ಧ್ವನಿ ಎರಡನ್ನೂ ಒಂದೇ ಕವಚದಲ್ಲಿಟ್ಟ ಟ್ಯಾಗ್‌ಗಳು ದೊಡ್ಡ ಮೀನುಗಳಿಗೆ ಸಿಗುತ್ತವೆ. ಮಡುವಿಗೊಂದು ಹೈಡ್ರೋಫೋನ್ (ನೀರೊಳಗಿನ ಮೈಕ್ರೊಫೋನ್), ಹರಿವಿನ ದಡಕ್ಕೊಂದು ಆಂಟೆನಾ ಎಂದು ಹಂಚಿ ಹಾಕಿದರೆ ಮೀನು ಒಂದರಿಂದ ಮರೆಯಾದ ಹೊತ್ತಿನಲ್ಲಿ ಇನ್ನೊಂದಕ್ಕೆ ಸಿಗುತ್ತದೆ.